ಹೌಸ್ ರೂಲ್ ತಂದಾಗ ಟೇಬಲ್‌ನಲ್ಲಿ ಯಾರಿಗೆ ಲಾಭ, ಯಾರಿಗೆ ನಷ್ಟ?

ನಿಮ್ಮ ಯೋಧನ ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ, ಅರ್ಧಕ್ಕಿಂತ ಕೆಳಗೆ ಇಳಿದಿದೆ. ಎದುರಿಗೆ ಓಗರ್ ಎಂಬ ದೈತ್ಯ ಗದೆ ಎತ್ತಿ ನಿಂತಿದೆ. ಸೊಂಟದಲ್ಲಿ ಗಾಯ ವಾಸಿ ಮಾಡುವ ಮದ್ದು, ಒಂದು ಹೀಲಿಂಗ್ ಪೋಷನ್ ಇದೆ, 50 ಚಿನ್ನದ ನಾಣ್ಯ ಕೊಟ್ಟು ಕೊಂಡದ್ದು. ಕುಡಿದರೆ ಸರಾಸರಿ 7 ಪಾಯಿಂಟ್ ವಾಪಸ್ ಬರುತ್ತದೆ. ಆದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಆಟದ 2014ರ ನಿಯಮದ ಪ್ರಕಾರ, ಪೋಷನ್ ಕುಡಿಯುವುದಕ್ಕೆ ಆ ಸರದಿಯ ಆಕ್ಷನ್, ಅಂದರೆ ಮುಖ್ಯ ಅವಕಾಶ, ಪೂರ್ತಿ ಖರ್ಚಾಗುತ್ತದೆ. ಅಂದರೆ ಆ ಸರದಿಯಲ್ಲಿ ಕತ್ತಿ ಬೀಸುವ ಹಾಗಿಲ್ಲ. ಓಗರ್‌ನ ಒಂದು ಏಟು ತಗುಲಿದರೆ ಸರಾಸರಿ 13 ಪಾಯಿಂಟ್ ಹೋಗುತ್ತದೆ. ಕುಡಿದು ಗಳಿಸಿದ್ದು 7, ಕಳೆದುಕೊಂಡದ್ದು 13, ಜೊತೆಗೆ ಒಂದು ಸರದಿಯೂ ಹೋಯಿತು. ಹೀಗಿದ್ದರೆ ಯಾರು ತಾನೇ ಪೋಷನ್ ಕುಡಿಯುತ್ತಾರೆ?

ಅದಕ್ಕೇ ಎಷ್ಟೋ ಗುಂಪುಗಳು ತಮ್ಮಷ್ಟಕ್ಕೆ ತಾವೇ ಒಂದು ಬದಲಾವಣೆ ಮಾಡಿಕೊಂಡವು. ಪೋಷನ್ ಕುಡಿಯಲು ಆಕ್ಷನ್ ಬೇಡ, ಬೋನಸ್ ಆಕ್ಷನ್ ಸಾಕು. ಬೋನಸ್ ಆಕ್ಷನ್ ಅಂದರೆ ಸರದಿಯಲ್ಲಿ ಸಿಗುವ ಇನ್ನೊಂದು ಚಿಕ್ಕ ಅವಕಾಶ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟವೂ ಹೀಗೇ ಮಾಡಿತು. ಮುಂದಿನ ವರ್ಷ, 2024ರ ಪರಿಷ್ಕೃತ ನಿಯಮಪುಸ್ತಕದಲ್ಲಿ ಇದೇ ಅಧಿಕೃತ ನಿಯಮವಾಯಿತು. ಆಟಗಾರರು ಮನೆಯಲ್ಲಿ ಮಾಡಿಕೊಂಡ ನಿಯಮ, ಅಂದರೆ ಹೌಸ್ ರೂಲ್, ಪುಸ್ತಕಕ್ಕೆ ಬಂದು ಕೂತಿತು.

ಹಾಗಂತ ಎಲ್ಲ ಹೌಸ್ ರೂಲ್‌ಗಳೂ ಇಷ್ಟು ಸಲೀಸಾಗಿ ಕೆಲಸ ಮಾಡುವುದಿಲ್ಲ. ಕೆಲವು ಆಟವನ್ನು ಚೆಂದ ಮಾಡುತ್ತವೆ. ಕೆಲವು ಯಾರಿಗೂ ಗೊತ್ತಾಗದ ಹಾಗೆ ಒಬ್ಬ ಆಟಗಾರನ ಖುಷಿ ಕಿತ್ತುಕೊಳ್ಳುತ್ತವೆ. ಎರಡನ್ನೂ ಬೇರ್ಪಡಿಸಿ ನೋಡುವುದು ಹೇಗೆ ಅನ್ನುವುದೇ ಈ ಲೇಖನದ ವಿಷಯ.

ಹೊಸಬರಿಗೆ ಒಂದೆರಡು ಮಾತು. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟದಲ್ಲಿ ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಅವರು ಲೋಕವನ್ನು, ಶತ್ರುಗಳನ್ನು, ದಾರಿಯಲ್ಲಿ ಸಿಗುವ ಜನರನ್ನು ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದು ಪಾತ್ರ: ಕತ್ತಿ ಹಿಡಿಯುವ ಫೈಟರ್, ಮಂತ್ರ ಹಾಕುವ ವಿಜರ್ಡ್, ಗಾಯ ಗುಣಪಡಿಸುವ ಕ್ಲೆರಿಕ್, ಕಳ್ಳನಂಥ ರೋಗ್, ಹೀಗೆ. ಏನು ಮಾಡುತ್ತೀರಿ ಅಂತ ಬಾಯಲ್ಲಿ ಹೇಳುತ್ತೀರಿ. ಫಲ ಏನಾಗುತ್ತದೋ ಗೊತ್ತಿಲ್ಲದಿದ್ದರೆ 20 ಮುಖದ ದಾಳ ಹಾಕುತ್ತೀರಿ. ಚೌಕಾಬಾರ ಆಡಿದವರಿಗೆ ಹೌಸ್ ರೂಲ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎದುರಾಳಿಯ ಒಂದು ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ ಅನ್ನುವುದು ಮನೆಯಿಂದ ಮನೆಗೆ ಬೇರೆ, ಅಲ್ವಾ? ಇಲ್ಲೂ ಹಾಗೇ. ಆದರೆ ಇಲ್ಲಿ ಒಂದೇ ಆಟ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ನಡೆಯುತ್ತದೆ. ಇವತ್ತು ಮಾಡಿದ ಸಣ್ಣ ಬದಲಾವಣೆ ಅಷ್ಟೂ ಕಾಲ ಜೊತೆಗೆ ಬರುತ್ತದೆ.

ಈ ಆಟ ಹುಟ್ಟಿದ್ದೇ ಹೌಸ್ ರೂಲ್‌ನಿಂದ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದಿಂದ ಈ ಆಟವನ್ನು ಹೊರತಂದರು. ಒಂದು ಪೆಟ್ಟಿಗೆ, ಒಳಗೆ ಮೂರು ತೆಳು ಪುಸ್ತಕ. ಅದಕ್ಕೂ ಮೊದಲೇ ಆರ್ನೆಸನ್ ಮಿನ್ನೆಸೋಟಾದಲ್ಲಿ ತಮ್ಮ ಗೆಳೆಯರಿಗೆ ಬ್ಲ್ಯಾಕ್‌ಮೂರ್ ಎಂಬ ಆಟ ನಡೆಸುತ್ತಿದ್ದರು. ಅದರಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತ ಹೀರುವ ವ್ಯಾಂಪೈರ್. ಹೆಸರು ಸರ್ ಫ್ಯಾಂಗ್. ದಿನ ಹೋದಂತೆ ಅದನ್ನು ಯಾರಿಂದಲೂ ತಡೆಯಲು ಆಗಲಿಲ್ಲ. ಅದಕ್ಕೆ ಎದುರು ನಿಲ್ಲಲಿ ಅಂತ ದೆವ್ವ ಪಿಶಾಚಿಗಳನ್ನು ಓಡಿಸುವ ಪೂಜಾರಿಯಂಥ ಪಾತ್ರವೊಂದನ್ನು ಸೇರಿಸಿದರು. ಇವತ್ತು ಜಗತ್ತಿನೆಲ್ಲೆಡೆ ಆಡುವ ಕ್ಲೆರಿಕ್ ಬಂದದ್ದು ಹೀಗೆ. ಒಂದು ಗುಂಪಿನಲ್ಲಿ, ಒಂದು ಕಾಲದಲ್ಲಿ ಎದ್ದ ತೊಂದರೆಗೆ ಕೊಟ್ಟ ಪರಿಹಾರ ಅದು.

ಮೂರನೇ ಪುಸ್ತಕದ ಕೊನೆಯಲ್ಲಿ ಬರೆದವರೇ ಓದುಗರಿಗೆ ಹೇಳಿದ್ದರು: ಅನುಮಾನ ಬಂದಾಗಲೆಲ್ಲ ನಮಗೆ ಪತ್ರ ಬರೆಯಬೇಡಿ, ಹೇಗಿದ್ದರೆ ಚೆಂದ ಅಂತ ನೀವೇ ತೀರ್ಮಾನಿಸಿ, ಹಾಗೇ ಮಾಡಿ. ಜನ ಅದನ್ನೇ ಮಾಡಿದರು. ಕ್ಯಾಲಿಫೋರ್ನಿಯಾದ ಸ್ಟೀವ್ ಪೆರಿನ್ ಹೊಡೆದಾಟಕ್ಕೆ ತಾವೇ ಮಾಡಿಕೊಂಡ ನಿಯಮಗಳನ್ನು 1976ರಲ್ಲಿ ಹಂಚಿದರು. ಆ ದಾರಿಯಲ್ಲಿ ಮುಂದೆ ಹೋಗಿ, 1978ರಲ್ಲಿ ಅವರ ರೂನ್‌ಕ್ವೆಸ್ಟ್ ಎಂಬ ಬೇರೆಯದೇ ಆಟ ಬಂತು.

ದಾಳದಲ್ಲಿ 20 ಬಿದ್ದರೆ ಎರಡು ಪಟ್ಟು ಪೆಟ್ಟು ಅನ್ನುವ ಕ್ರಿಟಿಕಲ್ ಹಿಟ್ ಕೂಡ 1974ರ ಪುಸ್ತಕಗಳಲ್ಲಿ ಇರಲಿಲ್ಲ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಂ. ಎ. ಆರ್. ಬಾರ್ಕರ್ ಅವರ 1975ರ ಎಂಪೈರ್ ಆಫ್ ದಿ ಪೆಟಲ್ ಥ್ರೋನ್ ಆಟದಲ್ಲಿ ಅದು ಅಚ್ಚಾಗಿ ಬಂತು. ಗೈಗ್ಯಾಕ್ಸ್‌ಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಅದರ ವಿರುದ್ಧ ಖಡಕ್ಕಾಗಿಯೇ ಬರೆದರು. ಆದರೂ 2000ದ ಮೂರನೇ ಆವೃತ್ತಿಯ ಹೊತ್ತಿಗೆ ಅದು ಮುಖ್ಯ ನಿಯಮಗಳಲ್ಲೇ ಇತ್ತು. ಇವತ್ತು 20 ಬಿದ್ದಾಗ ಟೇಬಲ್‌ನಲ್ಲಿ ಏಳುವ ಕೂಗು ಕೇಳಿದವರಿಗೆ ಯಾಕೆ ಅಂತ ಗೊತ್ತು.

ಆದರೆ ಗೈಗ್ಯಾಕ್ಸ್ ಅವರ ಭಯಕ್ಕೆ ಆಧಾರ ಇತ್ತು. ಗಾಬ್ಲಿನ್ ಎಂಬ ಸಣ್ಣ ಶತ್ರು ಬದುಕುವುದು ಒಂದೇ ಹೊಡೆದಾಟದ ತನಕ. ನಿಮ್ಮ ಪಾತ್ರ ಎಲ್ಲ ಹೊಡೆದಾಟಗಳಲ್ಲೂ ಇರಬೇಕು. ಒಂದು ಕ್ಯಾಂಪೇನ್, ಅಂದರೆ ತಿಂಗಳುಗಟ್ಟಲೆ ನಡೆಯುವ ಒಂದು ಇಡೀ ಕಥೆ, ಮುಗಿಯುವಷ್ಟರಲ್ಲಿ ನಿಮ್ಮ ಮೇಲೆ ಬೀಳುವ ಏಟುಗಳು ಯಾವುದೇ ಒಬ್ಬ ಶತ್ರುವಿನ ಮೇಲೆ ಬೀಳುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ದಾಳದ ಏರಿಳಿತ ಹೆಚ್ಚಿಸುವ ಯಾವ ನಿಯಮವಾದರೂ, ಎರಡೂ ಕಡೆಗೆ ಸಮ ಅಂತ ಕಂಡರೂ, ಕೊನೆಗೆ ಆಟಗಾರರ ಪಾತ್ರಗಳನ್ನೇ ಜಾಸ್ತಿ ಕೊಲ್ಲುತ್ತದೆ.

ಲೆಕ್ಕ ಹಾಕಿ ನೋಡಿದಾಗ

ಇದನ್ನು ಒಂದು ಉದಾಹರಣೆಯಲ್ಲಿ ನೋಡೋಣ. 2014ರ ನಿಯಮದಲ್ಲಿ ಕ್ರಿಟಿಕಲ್ ಬಿದ್ದರೆ ಪೆಟ್ಟಿನ ದಾಳಗಳನ್ನು ಎರಡರಷ್ಟು ಹಾಕಬೇಕು. ಕೆಲವು ಸಲ ಎರಡರಲ್ಲೂ 1 ಬಿದ್ದು ಸಪ್ಪೆಯಾಗುತ್ತದೆ. ಅದಕ್ಕೆ ತುಂಬ ಜನ ಇಷ್ಟಪಡುವ ಒಂದು ಹೌಸ್ ರೂಲ್ ಇದೆ. ಮೊದಲ ದಾಳಕ್ಕೆ ಪೂರ್ತಿ ಅಂಕ ಹಿಡಿಯಿರಿ, ಎರಡನೆಯದನ್ನು ಮಾತ್ರ ಹಾಕಿ. ಕೇಳುವುದಕ್ಕೆ ಚೆನ್ನಾಗಿದೆ.

ಈಗ ಒಂದನೇ ಲೆವೆಲ್ಲಿನ ವಿಜರ್ಡ್ ಒಬ್ಬಳನ್ನು ತೆಗೆದುಕೊಳ್ಳಿ. ಹಿಟ್ ಪಾಯಿಂಟ್ 7. ಗಾಬ್ಲಿನ್‌ನ ಕತ್ತಿಯ ಪೆಟ್ಟು ಒಂದು ಆರು ಮುಖದ ದಾಳ ಮತ್ತು 2. ಒಂದೇ ಏಟಿಗೆ 14 ಪಾಯಿಂಟ್ ಹೋದರೆ, ಅಂದರೆ ಸೊನ್ನೆಗೆ ಇಳಿದ ಮೇಲೂ ಅವಳ ಪೂರ್ತಿ ಹಿಟ್ ಪಾಯಿಂಟ್‌ನಷ್ಟು ಪೆಟ್ಟು ಉಳಿದರೆ, ಅವಳು ಅಲ್ಲೇ ಸತ್ತಳು. ಉಳಿಸಿಕೊಳ್ಳುವ ಅವಕಾಶವೇ ಇಲ್ಲ. ಪುಸ್ತಕದ ನಿಯಮದಲ್ಲಿ ಗಾಬ್ಲಿನ್ ಕ್ರಿಟಿಕಲ್ ಹೊಡೆದಾಗ ಹೀಗಾಗಲು ಎರಡೂ ದಾಳದಲ್ಲಿ 6 ಬೀಳಬೇಕು. 36ರಲ್ಲಿ 1 ಸಾಧ್ಯತೆ. ಹೌಸ್ ರೂಲ್‌ನಲ್ಲಿ ಒಂದು 6 ಆಗಲೇ ಕೈಯಲ್ಲಿದೆ, ಇನ್ನೊಂದು ಬಿದ್ದರೆ ಸಾಕು. 6ರಲ್ಲಿ 1. ಆಟಗಾರರ ಕ್ರಿಟಿಕಲ್ ಸಪ್ಪೆಯಾಗಬಾರದು ಅಂತ ತಂದ ನಿಯಮ, ಹೊಸ ಪಾತ್ರ ಒಂದೇ ಏಟಿಗೆ ಸಾಯುವ ಸಾಧ್ಯತೆಯನ್ನು ಆರು ಪಟ್ಟು ಮಾಡಿತು. ಈ ಲೆಕ್ಕಕ್ಕೆ ಎರಡು ನಿಮಿಷ ಸಾಕು, ಆದರೆ ಯಾರೂ ಹಾಕುವುದಿಲ್ಲ. ಪರಿಹಾರವೂ ಕಷ್ಟವಲ್ಲ. ಈ ನಿಯಮ ಆಟಗಾರರ ಕ್ರಿಟಿಕಲ್‌ಗೆ ಮಾತ್ರ ಅಂತ ಇಟ್ಟುಕೊಳ್ಳಬಹುದು.

ಇನ್ನೊಂದು ಹೌಸ್ ರೂಲ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅದು ಫಂಬಲ್. ಏಟು ಹಾಕುವಾಗ ದಾಳದಲ್ಲಿ 1 ಬಿದ್ದರೆ ಪುಸ್ತಕದ ಪ್ರಕಾರ ಏಟು ತಪ್ಪುತ್ತದೆ, ಅಷ್ಟೇ. ಎಷ್ಟೋ ಟೇಬಲ್‌ಗಳಲ್ಲಿ ಅಷ್ಟಕ್ಕೇ ಬಿಡುವುದಿಲ್ಲ. ಕತ್ತಿ ಕೈಜಾರುತ್ತದೆ, ಬಿಲ್ಲಿನ ದಾರ ಹರಿಯುತ್ತದೆ, ಪಕ್ಕದಲ್ಲಿರುವ ಗೆಳೆಯನಿಗೇ ಏಟು ಬೀಳುತ್ತದೆ. ಮೊದಮೊದಲು ಎಲ್ಲರೂ ನಗುತ್ತಾರೆ.

ಲೆಕ್ಕ ನೋಡಿ. ಒಂದು ಏಟಿಗೆ 1 ಬೀಳುವ ಸಾಧ್ಯತೆ ಶೇ. 5. ಫೈಟರ್ ಲೆವೆಲ್ ಏರಿದಂತೆ ಒಂದೇ ಸರದಿಯಲ್ಲಿ ಹೆಚ್ಚು ಏಟು ಹಾಕುತ್ತಾನೆ. ಐದನೇ ಲೆವೆಲ್‌ನಲ್ಲಿ ಎರಡು, ಹನ್ನೊಂದರಲ್ಲಿ ಮೂರು, ಇಪ್ಪತ್ತರಲ್ಲಿ ನಾಲ್ಕು. ಎರಡು ಏಟು ಹಾಕಿದರೆ ಒಂದಾದರೂ 1 ಬೀಳುವ ಸಾಧ್ಯತೆ ಸುಮಾರು ಶೇ. 10. ಮೂರಕ್ಕೆ ಶೇ. 14, ನಾಲ್ಕಕ್ಕೆ ಶೇ. 18.5. ಅಂದರೆ ಲೋಕದಲ್ಲೇ ದೊಡ್ಡ ಕತ್ತಿವರಸೆಗಾರ, ನಿನ್ನೆ ತಾನೇ ಕತ್ತಿ ಹಿಡಿದ ಹುಡುಗನಿಗಿಂತ ಸರದಿಗೆ ಮೂರೂವರೆ ಪಟ್ಟಿಗೂ ಜಾಸ್ತಿ ಸಲ ಎಡವುತ್ತಾನೆ. ಕಲಿತಷ್ಟೂ ಕತ್ತಿ ಕೈಜಾರುವುದು ಜಾಸ್ತಿ! ಅದೇ ಹೊತ್ತಿಗೆ ವಿಜರ್ಡ್ ಫೈರ್‌ಬಾಲ್ ಎಂಬ ಬೆಂಕಿಯುಂಡೆಯ ಮಂತ್ರ ಎಸೆಯುತ್ತಾಳೆ. ಅದಕ್ಕೆ ಅವಳು ಏಟಿನ ದಾಳ ಹಾಕುವುದೇ ಇಲ್ಲ. ತಪ್ಪಿಸಿಕೊಳ್ಳಲು ದಾಳ ಹಾಕಬೇಕಾದವರು ಶತ್ರುಗಳು. ಅಲ್ಲಿ ಅವಳಿಗೆ ಫಂಬಲ್ ಅನ್ನುವುದೇ ಇಲ್ಲ.

ಹೀಗೆ, ಎಲ್ಲರಿಗೂ ಒಂದೇ ಅಂತ ತಂದ ನಿಯಮ ಫೈಟರ್, ಬರಿಗೈಯಲ್ಲೂ ಹೊಡೆದಾಡುವ ಮಾಂಕ್ ಥರದವರ ಮೇಲೆಯೇ ಜಾಸ್ತಿ ಬೀಳುತ್ತದೆ. ಆ ಆಟಗಾರನಿಗೆ ಅದು ಹೇಳಲು ಬರುವುದಿಲ್ಲ. ಸುಮ್ನೆ ಯಾಕೋ ತನ್ನ ಪಾತ್ರ ಪೆದ್ದನ ಥರ ಕಾಣುತ್ತಿದೆ ಅನಿಸುತ್ತದೆ. ನಿಮಗೆ ಫಂಬಲ್ ಬೇಕೇ ಬೇಕು ಅಂದರೆ, ಸರದಿಯ ಮೊದಲ ಏಟಿಗೆ ಮಾತ್ರ ಅನ್ವಯಿಸಿ. ಆಗ ಹೊಸಬನಿಗೂ ಗುರುವಿಗೂ ಶೇ. 5 ಅಷ್ಟೇ. ಏನಾಯಿತು ಅಂತ ಹೇಳುವ ಹಕ್ಕನ್ನು ಆ ಆಟಗಾರನಿಗೇ ಕೊಡಿ.

ಅಗ್ಗವಾದದ್ದಕ್ಕೆ ಬೆಲೆ ಇರುವುದಿಲ್ಲ

ಶತ್ರುವನ್ನು ಇಬ್ಬರು ಎದುರುಬದುರು ನಿಂತು ಸುತ್ತುವರಿದರೆ ಇಬ್ಬರಿಗೂ ಅಡ್ವಾಂಟೇಜ್. ಇದು ಫ್ಲ್ಯಾಂಕಿಂಗ್, 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬೇಕಿದ್ದರೆ ಬಳಸಿ ಅಂತ ಕೊಟ್ಟ ನಿಯಮ. ಅಡ್ವಾಂಟೇಜ್ ಅಂದರೆ 20 ಮುಖದ ದಾಳ ಎರಡು ಹಾಕಿ ದೊಡ್ಡದನ್ನು ಹಿಡಿಯುವುದು. 11 ಅಥವಾ ಅದಕ್ಕಿಂತ ಜಾಸ್ತಿ ಬೀಳಬೇಕಾದ ಕಡೆ ಸಾಧ್ಯತೆ ಶೇ. 50 ಇದ್ದದ್ದು 75 ಆಗುತ್ತದೆ. ಇಷ್ಟು ದೊಡ್ಡ ಲಾಭಕ್ಕೆ ಖರ್ಚು ಏನು? ನಾಲ್ಕು ಹೆಜ್ಜೆ ನಡೆಯುವುದು.

ಬಾರ್ಬೇರಿಯನ್ ಎಂಬ ರೊಚ್ಚಿನ ಯೋಧನ ಪಾತ್ರಕ್ಕೆ ರೆಕ್ಲೆಸ್ ಅಟ್ಯಾಕ್ ಅಂತ ಒಂದು ಶಕ್ತಿ ಇದೆ. ಬೇಕೆಂದಾಗ ಅಡ್ವಾಂಟೇಜ್ ಸಿಗುತ್ತದೆ. ಬದಲಿಗೆ ಶತ್ರುಗಳಿಗೂ ಅವನ ಮೇಲೆ ಅಡ್ವಾಂಟೇಜ್. ಮೈ ಒಡ್ಡಿ ಹೊಡೆಯುವವನ ಮಜಾ ಅದು. ಫ್ಲ್ಯಾಂಕಿಂಗ್ ಇರುವ ಟೇಬಲ್‌ನಲ್ಲಿ ಅದೇ ಅಡ್ವಾಂಟೇಜ್ ಎಲ್ಲರಿಗೂ ಪುಕ್ಕಟೆ. ಎರಡು ಕಡೆಯಿಂದ ಅಡ್ವಾಂಟೇಜ್ ಬಂದರೂ ದಾಳ ಎರಡೇ, ಮೂರಾಗುವುದಿಲ್ಲ. ಹಾಗಾಗಿ ಬಾರ್ಬೇರಿಯನ್ ಆರಿಸಿಕೊಂಡವನ ಮುಖ್ಯ ಶಕ್ತಿಯೇ ಮಂಕಾಗುತ್ತದೆ. ಅದಕ್ಕೇ ಎಷ್ಟೋ ಡಿಎಂಗಳು ಅಡ್ವಾಂಟೇಜ್ ಬದಲು ದಾಳಕ್ಕೆ 2 ಸೇರಿಸಿ ಅನ್ನುತ್ತಾರೆ. ಶೇ. 50 ಇದ್ದದ್ದು 60 ಆಗುತ್ತದೆ, ಬಾರ್ಬೇರಿಯನ್‌ನ ಶಕ್ತಿಗೂ ಬೆಲೆ ಉಳಿಯುತ್ತದೆ. ನನಗೆ ಇದು ಒಳ್ಳೆಯ ಹೌಸ್ ರೂಲ್ ಅನಿಸುತ್ತದೆ.

ಪೋಷನ್ ನಿಯಮಕ್ಕೂ ಇಂಥದೇ ನೆರಳು ಇದೆ. ರೋಗ್, ಮಾಂಕ್ ಇವರ ಬೋನಸ್ ಆಕ್ಷನ್‌ಗೆ ಆಗಲೇ ಒಳ್ಳೆಯ ಕೆಲಸ ಇರುತ್ತದೆ, ಅವರಿಗೆ ಲಾಭ ಕಡಿಮೆ. ಬೋನಸ್ ಆಕ್ಷನ್ ಖಾಲಿ ಇರುವವರಿಗೆ ಲಾಭ ಜಾಸ್ತಿ. ಗುಣಪಡಿಸುವುದೇ ತನ್ನ ಕೆಲಸ ಅಂತ ಕ್ಲೆರಿಕ್ ಆಡುವವರಿಗೆ ಸ್ವಲ್ಪ ನಷ್ಟ. ಆದರೆ ಇಲ್ಲಿ ತೂಗಿ ನೋಡಿದರೆ ಲಾಭವೇ ದೊಡ್ಡದು. ಇದಕ್ಕೆ ಜನ ಮಾಡಿಕೊಂಡ ಇನ್ನೊಂದು ಸೊಗಸಾದ ರೂಪ ಇದೆ. ಬೋನಸ್ ಆಕ್ಷನ್‌ನಲ್ಲಿ ಕುಡಿದರೆ ದಾಳ ಹಾಕಿ ಬಂದಷ್ಟು, ಪೂರ್ತಿ ಆಕ್ಷನ್ ಕೊಟ್ಟು ಕುಡಿದರೆ ದಾಳ ಹಾಕದೆ ಪೂರ್ತಿ 10. ಆಗ ಪ್ರತಿ ಸಲ ಆಟಗಾರ ಯೋಚಿಸಬೇಕಾಗುತ್ತದೆ. ಆಟಗಾರನಿಗೆ ಹೊಸ ಆಯ್ಕೆ ಕೊಡುವ ಹೌಸ್ ರೂಲ್‌ಗಳು ನನಗೆ ತುಂಬ ಇಷ್ಟ.

ಹೇಳದೆ ಬಂದ ನಿಯಮಗಳು

ಬಾಯಿಬಿಟ್ಟು ಹೇಳಿದ ಹೌಸ್ ರೂಲ್‌ಗಳಿಗಿಂತ, ಹೇಳದೇ ಬಿಟ್ಟ ನಿಯಮಗಳು ಜಾಸ್ತಿ ಕೆಲಸ ಮಾಡುತ್ತವೆ. ಪಾತ್ರ ಎಷ್ಟು ಭಾರ ಹೊರಬಹುದು ಅಂತ ಪುಸ್ತಕದಲ್ಲಿ ಲೆಕ್ಕ ಇದೆ. ಸ್ಟ್ರೆಂತ್, ಅಂದರೆ ಮೈಬಲದ ಅಂಕವನ್ನು 15ರಿಂದ ಗುಣಿಸಿದಷ್ಟು ಪೌಂಡ್. ಹೆಚ್ಚಿನ ಟೇಬಲ್‌ಗಳಲ್ಲಿ ಇದನ್ನು ಯಾರೂ ನೋಡುವುದಿಲ್ಲ. ಬೇಸರದ ಲೆಕ್ಕ, ನಿಜ. ಆದರೆ ನೋಡದೇ ಬಿಟ್ಟಾಗ ಗಟ್ಟಿಮುಟ್ಟಾದ ಪಾತ್ರ ಮಾಡಿಕೊಂಡವನಿಗೆ ಅದರ ಒಂದು ಉಪಯೋಗ ಹೋಯಿತು. ಕಾಡಿನ ದಾರಿ, ಊಟ, ನೀರು ಇವನ್ನೆಲ್ಲ ಒಂದೇ ವಾಕ್ಯದಲ್ಲಿ ದಾಟಿಸಿದಾಗ ಕಾಡು ಬಲ್ಲ ರೇಂಜರ್ ಎಂಬ ಪಾತ್ರಕ್ಕೆ 2014ರ ನಿಯಮ ಕೊಟ್ಟ ಎಷ್ಟೋ ಶಕ್ತಿಗಳಿಗೆ ಕೆಲಸವೇ ಇರುವುದಿಲ್ಲ. ಬಿಡುವುದು ತಪ್ಪಲ್ಲ. ಬಿಟ್ಟಿದ್ದೇವೆ ಅಂತ ಮೊದಲೇ ಹೇಳಿದರೆ ಆಟಗಾರ ಬೇರೆ ಪಾತ್ರ ಆರಿಸಿಕೊಳ್ಳುತ್ತಾನೆ.

ಇಂಥ ಹೇಳದ ನಿಯಮಗಳಲ್ಲಿ ದೊಡ್ಡದು ವಿಶ್ರಾಂತಿಯದ್ದು. ವಿಜರ್ಡ್ ತುಂಬ ಬಲವಾಗಿಬಿಟ್ಟಿದ್ದಾಳೆ, ಫೈರ್‌ಬಾಲ್ ಕಡಿಮೆ ಮಾಡೋಣ ಅಂತ ಎಷ್ಟೋ ಡಿಎಂಗಳು ಹೇಳುತ್ತಾರೆ. ಸ್ವಲ್ಪ ನಿಂತು ನೋಡಬೇಕು. 2014ರ ಗೈಡ್ ಒಂದು ದಿನಕ್ಕೆ ಆರರಿಂದ ಎಂಟು ಹೊಡೆದಾಟ ಅಂತ ಅಂದಾಜು ಕೊಡುತ್ತದೆ. ವಿಜರ್ಡ್‌ನ ಮಂತ್ರಗಳು ಅಷ್ಟಕ್ಕೂ ಹಂಚಿ ಬಳಸಲು ಇರುವಂಥವು. ನಮ್ಮ ಟೇಬಲ್‌ಗಳಲ್ಲಿ ಒಂದು ಸಂಜೆ ಸಿಗುವುದೇ ಕಷ್ಟ, ಹಾಗಾಗಿ ಕಥೆಯ ಒಂದು ದಿನಕ್ಕೆ ಒಂದೇ ಹೊಡೆದಾಟ. ಆ ಒಂದರಲ್ಲೇ ಅವಳು ಎಲ್ಲ ಮಂತ್ರ ಸುರಿದುಬಿಡುತ್ತಾಳೆ. ರಾತ್ರಿ ಮಲಗಿ ಎದ್ದರೆ ಎಲ್ಲ ವಾಪಸ್. ಫೈರ್‌ಬಾಲ್ ಕಡಿಮೆ ಮಾಡಿದರೆ ಅವಳ ಖುಷಿ ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಅದೇ ಗೈಡ್‌ನಲ್ಲಿ ಇದಕ್ಕೆ ಒಂದು ಬದಲಿ ದಾರಿ ಕೊಟ್ಟಿದ್ದಾರೆ. ಚಿಕ್ಕ ವಿಶ್ರಾಂತಿಗೆ ಒಂದು ಗಂಟೆ ಬದಲು 8 ಗಂಟೆ, ದೊಡ್ಡ ವಿಶ್ರಾಂತಿಗೆ 8 ಗಂಟೆ ಬದಲು 7 ದಿನ. ಆಗ ವಾರವಿಡೀ ಅದೇ ಮಂತ್ರಗಳಲ್ಲಿ ಸಾಗಿಸಬೇಕು. ದಿನಕ್ಕೆ ಒಂದೇ ಹೊಡೆದಾಟ ಇದ್ದರೂ ಲೆಕ್ಕ ಸರಿಹೋಗುತ್ತದೆ.

ಪ್ರಯೋಗ ಮಾಡುವ ಬಗೆ

ಮೊದಲು ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಅದರಲ್ಲಿ ಪರಿಹಾರ ಇರಬಾರದು. "ಫೈರ್‌ಬಾಲ್ ಕಡಿಮೆ ಮಾಡಬೇಕು" ಅನ್ನುವುದು ತೊಂದರೆಯಲ್ಲ. "ದೊಡ್ಡ ಹೊಡೆದಾಟಗಳು ಎರಡೇ ಸುತ್ತಿನಲ್ಲಿ ಮುಗಿಯುತ್ತಿವೆ, ಫೈಟರ್‌ಗೆ ಸರದಿ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ" ಅನ್ನುವುದು ತೊಂದರೆ. ಹೀಗೆ ಬರೆದಾಗ ಅರ್ಧ ಸಲ ಹೊಸ ನಿಯಮವೇ ಬೇಕಿರುವುದಿಲ್ಲ.

ಇನ್ನೊಂದು ತೊಂದರೆ ತೆಗೆದುಕೊಳ್ಳೋಣ. 2014ರ ನಿಯಮದಲ್ಲಿ ಹಿಟ್ ಪಾಯಿಂಟ್ ಸೊನ್ನೆಗೆ ಇಳಿದು ಬಿದ್ದವನನ್ನು, ಕ್ಲೆರಿಕ್ 60 ಅಡಿ ದೂರದಿಂದಲೇ ಹೀಲಿಂಗ್ ವರ್ಡ್ ಎಂಬ ಮಂತ್ರದಿಂದ ಎಬ್ಬಿಸಬಹುದು. ಎದ್ದವನು ಏನೂ ಆಗದವನ ಹಾಗೆ ಪೂರ್ತಿ ಬಲದಿಂದ ಹೊಡೆಯುತ್ತಾನೆ. ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಸಾವಿನ ಭಯವೇ ಹೋಗುತ್ತದೆ. ಇದಕ್ಕೆ ಎಲ್ಲರೂ ಮೊದಲು ಹೇಳುವ ಪರಿಹಾರ, ಬಿದ್ದಾಗಲೆಲ್ಲ ಒಂದು ಹಂತ ಎಕ್ಸಾಶನ್, ಅಂದರೆ ಬಳಲಿಕೆ. ಮೂರನೇ ಹಂತದಲ್ಲಿ ಏಟುಗಳೆಲ್ಲ ಕೆಡುತ್ತವೆ, ಆರನೆಯದರಲ್ಲಿ ಸಾವು. ಒಂದು ದೊಡ್ಡ ವಿಶ್ರಾಂತಿಗೆ ಕಡಿಮೆಯಾಗುವುದು ಒಂದೇ ಹಂತ. ಈಗ ಕೇಳಬೇಕಾದ ಪ್ರಶ್ನೆ, ಟೇಬಲ್‌ನಲ್ಲಿ ಜಾಸ್ತಿ ಬೀಳುವವರು ಯಾರು? ಎಲ್ಲರನ್ನು ಕಾಯಲು ಮುಂದೆ ನಿಲ್ಲುವವನು. ಹಿಂದೆ ನಿಂತು ಬಾಣ ಬಿಡುವವಳಿಗೆ ಏನೂ ಆಗುವುದಿಲ್ಲ. ಗೆಳೆಯರನ್ನು ಕಾದದ್ದಕ್ಕೆ ದಂಡ ಕಟ್ಟಿದ ಹಾಗಾಯಿತು.

ಇದರ ಬದಲು ಇನ್ನೊಂದಿದೆ. ಬಿದ್ದವನು ಪ್ರತಿ ಸರದಿಗೆ ದಾಳ ಹಾಕುತ್ತಾನೆ, ಮೂರು ಸಲ ಸೋತರೆ ಸಾವು. ಪುಸ್ತಕದಲ್ಲಿ, ಎದ್ದ ಕೂಡಲೇ ಸೋತ ಲೆಕ್ಕ ಅಳಿಸಿಹೋಗುತ್ತದೆ. ಅಳಿಸಬೇಡಿ, ದೊಡ್ಡ ವಿಶ್ರಾಂತಿಯ ತನಕ ಹಾಗೇ ಇಡಿ. ಮುಂದೆ ನಿಲ್ಲುವವನಿಗೆ ಇಲ್ಲೂ ಅಪಾಯ ಜಾಸ್ತಿಯೇ. ಆದರೆ ಅವನ ಕೈಬಲ ಕಡಿಮೆಯಾಗುವುದಿಲ್ಲ. ಎರಡು ಸಲ ಸೋತ ಗುರುತು ಬಿದ್ದಿರುವ ಗೆಳೆಯನನ್ನು ಮತ್ತೆ ಮುಂದೆ ಕಳಿಸೋಣವೇ ಅಂತ ಇಡೀ ಗುಂಪು ಯೋಚಿಸುತ್ತದೆ. ನಮಗೆ ಬೇಕಿದ್ದ ಭಯ ಬಂತು, ಒಬ್ಬನ ಆಟ ಕೆಡಲಿಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಒಟ್ಟಿಗೆ ತಂದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಟೇಬಲ್‌ಗೆ ತರುವ ಮೊದಲು ಹಿಂದಿನ ಒಂದು ಹೊಡೆದಾಟವನ್ನು ಕಾಗದದ ಮೇಲೆ ಹೊಸ ನಿಯಮದಲ್ಲಿ ಮತ್ತೆ ಆಡಿಸಿ ನೋಡುವುದು ಒಳ್ಳೆಯದು. ಆಮೇಲೆ ಮೂರು ಸೆಷನ್‌ಗೆ ಅಂತ ಗಡುವು ಹಾಕಿ, ಅದನ್ನು ಎಲ್ಲರಿಗೂ ಹೇಳಿ. ಗಡುವು ಇದ್ದರೆ ಜನ ಒಪ್ಪುವುದು ಸುಲಭ. ಬೇಡ ಅನ್ನುವುದೂ ಸುಲಭ, ಅದು ಇನ್ನೂ ಮುಖ್ಯ. ಡಿಎಂ ಹೇಳಿದ್ದಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಸಂಕೋಚ ನಮ್ಮಲ್ಲಿ ತುಂಬ ಇದೆ.

ಗಡುವು ಮುಗಿದಾಗ "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನಾನು ಒಬ್ಬೊಬ್ಬರನ್ನೇ ಕೇಳುತ್ತೇನೆ: ಈ ನಿಯಮ ಇದ್ದದ್ದರಿಂದ ಮೊದಲು ಮಾಡದಿದ್ದ ಏನನ್ನಾದರೂ ಮಾಡಿದಿರಾ? ಮೊದಲು ಮಾಡುತ್ತಿದ್ದ ಏನನ್ನಾದರೂ ಬಿಟ್ಟಿರಾ? ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲೇ ವಿಷಯ ಇರುತ್ತದೆ. ಜಾಸ್ತಿ ಮಾತಾಡದ ಆಟಗಾರರನ್ನು ಮೊದಲು ಕೇಳುತ್ತೇನೆ. ಜೋರಾಗಿ ಮಾತಾಡುವವರ ಅಭಿಪ್ರಾಯ ಆಗಲೇ ಗೊತ್ತಿರುತ್ತದೆ.

ನಿಯಮ ಸರಿಹೋಗಲಿಲ್ಲ ಅಂದರೆ ತೆಗೆಯಬೇಕು, ಆದರೆ ಆಟದ ನಡುವೆ ಹಠಾತ್ತಾಗಿ ಅಲ್ಲ. ಗುಂಪು ಊರಿಗೆ ವಾಪಸ್ ಬಂದಾಗಲೋ, ಲೆವೆಲ್ ಏರುವಾಗಲೋ ತೆಗೆದರೆ ಕಥೆಗೂ ಒಂದು ವಿರಾಮ ಸಿಕ್ಕಿರುತ್ತದೆ. ಆ ನಿಯಮವನ್ನು ನಂಬಿ ಯಾರು ಏನು ಆರಿಸಿಕೊಂಡಿದ್ದಾರೆ ಅಂತಲೂ ನೋಡಬೇಕು. 7 ದಿನದ ವಿಶ್ರಾಂತಿ ನಿಯಮ ಇದೆ ಅಂತ ಒಬ್ಬರು ವಾರ್‌ಲಾಕ್ ಎಂಬ ಇನ್ನೊಂದು ಮಾಂತ್ರಿಕನ ಪಾತ್ರ ಆರಿಸಿಕೊಂಡಿರಬಹುದು. ವಾರ್‌ಲಾಕ್‌ಗೆ ಚಿಕ್ಕ ವಿಶ್ರಾಂತಿಯಲ್ಲೇ ಮಂತ್ರಗಳು ವಾಪಸ್ ಬರುತ್ತವೆ, ಹಾಗಾಗಿ ವಾರವಿಡೀ ಕಾಯುವ ವಿಜರ್ಡ್‌ಗಿಂತ ಆ ಆಟದಲ್ಲಿ ಅವರು ಮುಂದೆ. ನಿಯಮ ತೆಗೆದ ದಿನ ಆ ಲೆಕ್ಕ ತಲೆಕೆಳಗಾಗುತ್ತದೆ. ಅವರು ಕೇಳಿದರೆ ಬೇರೆ ಕ್ಲಾಸ್‌ಗೆ, ಅಂದರೆ ಫೈಟರ್, ವಿಜರ್ಡ್ ಥರದ ಬೇರೆ ಬಗೆಗೆ, ಬದಲಾಯಿಸಿಕೊಳ್ಳಲು ಬಿಡಿ. ಅದೇ ಹೆಸರು, ಅದೇ ಕಥೆ, ಅದೇ ಲೆವೆಲ್, ಕೈಯಲ್ಲಿದ್ದ ಸಾಮಾನುಗಳೂ ಅವೇ.